ಹಿತ್ತಲ ಬಾತುಗಳಿಗೆ ಕಾಳಿನ ಡಬ್ಬಿ, ರಾತ್ರಿಗೆ ಬಾಗಿಲು



ಹಿಂದೊಮ್ಮೆ ಇದೇ ಪುಟದಲ್ಲಿ ಮಳೆಗಾಲದ ಮಾತು ಬರೆಯುವಾಗ ನಮ್ಮ ಹಿತ್ತಲಿನ ಬಾತುಕೋಳಿಗಳ ವಿಷಯ ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಅದನ್ನು ಹಿಡಿದುಕೊಂಡು ಹಲವರು ಕೇಳಿದ್ದಾರೆ. ಕೆಲವರದು, ಜೈನರ ಮನೆಯಲ್ಲಿ ಬಾತುಕೋಳಿ ಏಕೆ ಎಂಬ ಪ್ರಶ್ನೆ. ನಿಪ್ಪಾಣಿ ಕಡೆಯ ಒಬ್ಬ ತಾಯಿಯವರದು ಬೇರೆ. ಅವರ ಮನೆಯಲ್ಲಿಯೂ ನಾಲ್ಕು ಇವೆಯಂತೆ. ಯಾತ್ರೆಗೋ ಮದುವೆಗೋ ಹೋದರೆ ಅವುಗಳ ಗತಿ ಏನು, ತಾನಾಗಿ ಕಾಳು ಹಾಕುವ, ತಾನಾಗಿ ಬಾಗಿಲು ಮುಚ್ಚುವ ಯಂತ್ರ ಬಂದಿದೆಯಂತಲ್ಲ, ನೀವು ಹಾರ್ಡ್‌ವೇರ್ ವ್ಯಾಪಾರದವರು, ತಿಳಿಸಿ ಎಂದು ಬರೆದಿದ್ದಾರೆ. ಅಂಥ ಯಂತ್ರವನ್ನು ನಾವು ಫೋಂಡಾದ ನಮ್ಮ ಮನೆಯಲ್ಲಿ ಇಟ್ಟಿದ್ದೇವೆ. ಅದರಿಂದ ಅನುಕೂಲವೂ ಆಗಿದೆ, ಒಂದು ಜೀವವೂ ಹೋಗಿದೆ. ಎರಡನ್ನೂ ಬರೆಯುತ್ತೇವೆ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಮೂರು ವರ್ಷದ ಹಿಂದೆ ನಮ್ಮ ಓಣಿಯ ಒಂದು ಕುಟುಂಬ ಊರು ಬಿಟ್ಟು ಹೋಗುವಾಗ ತಾವು ಸಾಕಿದ ಆರು ಬಾತುಗಳನ್ನು ಪೇಟೆಯವನಿಗೆ ಮಾರಲು ಬುಟ್ಟಿಗೆ ತುಂಬಿದ್ದರು. ನಮ್ಮ ಮೊಮ್ಮಗಳು ಅದನ್ನು ನೋಡಿ ಅಂಗಡಿಗೆ ಓಡಿ ಬಂದಳು. "ಅಜ್ಜಾ, ಅವನ್ನ ಕೊಯ್ಯಾಕ ಒಯ್ಯಾಕತ್ತಾರ, ನಾವ ತಗೊಳ್ಳೋಣ" ಎಂದು ಗಲ್ಲಾದ ಮುಂದೆ ನಿಂತು ಅತ್ತಳು. ಗಿರಾಕಿಗಳ ಮುಂದೆ ಇಲ್ಲ ಎನ್ನಲಾಗಲಿಲ್ಲ. ಆ ಪೇಟೆಯವನು ಹೇಳಿದ ಬೆಲೆಯನ್ನೇ ಕೊಟ್ಟು ಬುಟ್ಟಿ ಸಮೇತ ತಂದೆವು. ಚೌಕಾಸಿ ಮಾಡದೆ ನಾವು ಕೊಂಡ ವಸ್ತು ಅದೊಂದೇ ಇರಬೇಕು.

ಮೊಟ್ಟೆಯ ಪ್ರಶ್ನೆ ಓದುಗರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಆರರಲ್ಲಿ ಗಂಡು ಒಂದೂ ಇರಲಿಲ್ಲ. ಗಂಡು ಬಾತಿಗೆ ಬಾಲದ ಮೇಲೆ ಒಂದೆರಡು ಗರಿ ಸುರುಳಿಯಾಗಿ ಮೇಲಕ್ಕೆ ತಿರುಗಿರುತ್ತವೆ, ಧ್ವನಿ ಗೊಗ್ಗರು. ದೊಡ್ಡದಾಗಿ 'ಕ್ವ್ಯಾಕ್' ಎಂದು ಕೂಗುವುದು ಹೆಣ್ಣು. ಗಂಡಿಲ್ಲದೆ ಇಟ್ಟ ಮೊಟ್ಟೆಯಲ್ಲಿ ಮರಿ ಆಗುವುದಿಲ್ಲ. ಅದನ್ನು ನಾವು ತಿನ್ನುವುದೂ ಇಲ್ಲ, ಮಾರುವುದೂ ಇಲ್ಲ, ತೆಂಗಿನ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತೇವೆ. ಇನ್ನು ಬಾತು ಬಸವನಹುಳು ತಿನ್ನುತ್ತದಲ್ಲ ಎಂದು ಕೇಳಿದವರಿದ್ದಾರೆ. ತಿನ್ನುತ್ತದೆ. ಅದರ ಸ್ವಭಾವಕ್ಕೆ ನಾವು ವ್ರತ ಕೊಡಲಾಗುವುದಿಲ್ಲ. ದೆಹಲಿಯ ಕೆಂಪು ಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿಗಳ ಆಸ್ಪತ್ರೆಯಲ್ಲಿ ಮಾಂಸ ತಿನ್ನುವ ಹದ್ದು ಗಿಡುಗಗಳಿಗೂ ಔಷಧ ಹಾಕುತ್ತಾರೆ, ಆದರೆ ಬೇರೆ ಪಕ್ಷಿಗಳ ಜೊತೆ ಒಳಗೆ ಇಟ್ಟುಕೊಳ್ಳುವುದಿಲ್ಲ. ಅಷ್ಟು ದೊಡ್ಡವರೇ ಹಾಗೊಂದು ಗೆರೆ ಎಳೆದುಕೊಂಡು ಸೇವೆ ನಡೆಸಿದ್ದಾರೆ. ನಾವೂ ಹೊಟ್ಟೆ ತುಂಬ ಕಾಳು ಹಾಕುತ್ತೇವೆ, ಮಿಕ್ಕಿದ್ದು ಅವುಗಳ ಕರ್ಮ.

ಈಗ ಯಂತ್ರದ ಮಾತು. ನಮ್ಮಂಥ ಮನೆಗಳಿಗೆ ಅದು ಏಕೆ ಬೇಕಾಯಿತು ಎಂದರೆ, ಬಾತುಗಳನ್ನು ಗೂಡಿಗೆ ಸೇರಿಸಬೇಕಾದ ಹೊತ್ತೂ ನಾವು ಊಟಕ್ಕೆ ಕೂಡುವ ಹೊತ್ತೂ ಒಂದೇ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯಬೇಕು, ಆ ಮೇಲೆ ಹೆಂಗಸರಿಗೆ ಆರತಿ, ಸಾಮಾಯಿಕ. ಗಂಡಸರು ಅಂಗಡಿಯಲ್ಲಿ, ವ್ಯಾಪಾರಕ್ಕೆ ಅದೇ ಭರದ ಹೊತ್ತು. ಹಿತ್ತಲಲ್ಲಿ ಯಾರೂ ಇರುವುದಿಲ್ಲ. ಗೋವೆಯ ಹಿತ್ತಲು ಎಂದರೆ ಊರ ನಡುವೆ ಇದ್ದರೂ ಅರ್ಧ ಕಾಡು. ಹಗಲಿಗೆ ಮುಂಗುಸಿ, ಉಡ. ಇರುಳಿಗೆ ನರಿ, ಪುನುಗುಬೆಕ್ಕು, ಬೀದಿನಾಯಿ. ಮಳೆಗಾಲದಲ್ಲಿ ಹೆಬ್ಬಾವು.

ಕೋಳಿ ಸಾಕಿದವರು ಇದರಲ್ಲೇನು ಕಷ್ಟ ಎನ್ನುತ್ತಾರೆ. ಕೋಳಿಗೆ ಕತ್ತಲಾದರೆ ಕಣ್ಣು ಕಾಣುವುದು ಕಷ್ಟ. ಹೊತ್ತು ಮುಳುಗುತ್ತಲೇ ತಾನಾಗಿ ಗೂಡು ಸೇರಿ ಕೋಲಿನ ಮೇಲೆ ಕುಳಿತುಬಿಡುತ್ತದೆ, ಹಿಂದಿನಿಂದ ಬಾಗಿಲು ಮುಚ್ಚಿದರಾಯಿತು. ಪೇಟೆಯಲ್ಲಿ ಸಿಗುವ ತಾನೇ ಮುಚ್ಚುವ ಬಾಗಿಲುಗಳೆಲ್ಲ ಕೋಳಿಯ ಈ ಸ್ವಭಾವ ನಂಬಿ ಮಾಡಿದವು. ಬಾತಿನ ಜಾತಿ ಹಾಗಲ್ಲ. ಅದಕ್ಕೆ ಮಂದ ಬೆಳಕಿನಲ್ಲಿಯೂ ಚೆನ್ನಾಗಿ ಕಾಣುತ್ತದೆ, ನೀರಿದ್ದರೆ ರಾತ್ರಿಯೆಲ್ಲ ಅಲ್ಲಿಯೇ ಇರಲು ತಯಾರು.

ತಾನಾಗಿ ಮುಚ್ಚುವ ಬಾಗಿಲು ಗೋವೆಗೆ ಹೊಸದಲ್ಲ. ನಮ್ಮ ಫೋಂಡಾ ತಾಲೂಕಿನಲ್ಲಿಯೇ ದುರ್ಭಾಟ, ಮಡಕಯಿ ಕಡೆಗೆ ಹೋದರೆ ಜುವಾರಿ ನದಿಯ ಅಂಚಿಗೆ ಖಾಜನ ಗದ್ದೆಗಳಿವೆ. ಕಟ್ಟೆ ಕಟ್ಟಿ ಉಪ್ಪುನೀರು ತಡೆದು ಭತ್ತ ಬೆಳೆಯುವ ಹಳೆಯ ಪದ್ಧತಿ. ಆ ಕಟ್ಟೆಯಲ್ಲಿ ಮಾನಸ ಎಂಬ ತೂಬು ಇರುತ್ತದೆ, ಅದಕ್ಕೆ ಮರದ ಕದ. ಭರತ ಏರಿದರೆ ನದಿಯ ನೀರು ಕದವನ್ನು ಒತ್ತಿ ಮುಚ್ಚುತ್ತದೆ, ಇಳಿದರೆ ಒಳಗಿನ ನೀರು ಅದನ್ನು ತಳ್ಳಿ ಹೊರಗೆ ಹರಿಯುತ್ತದೆ. ವಿದ್ಯುತ್ತಿಲ್ಲ, ಬ್ಯಾಟರಿ ಇಲ್ಲ. ನಾವು ಬಾತಿನ ಬಾಗಿಲು ಮಾಡಿಸುವಾಗ ಇದೇ ಮನಸ್ಸಿನಲ್ಲಿತ್ತು. ಮಾನಸಕ್ಕೆ ನೀರು ತಪ್ಪದೆ ತಾನಾಗಿ ಬರುತ್ತದೆ, ಬಾತು ಬರಬೇಕಲ್ಲ ಎಂಬುದು ಆಗ ತಲೆಗೆ ಹೋಗಲಿಲ್ಲ.

ಕಾಳಿನ ಡಬ್ಬಿಯಿಂದ ಸುರು ಮಾಡುತ್ತೇವೆ. ದೊಡ್ಡ ಬಾತಿಗೆ ದಿನಕ್ಕೆ 120ರಿಂದ 170 ಗ್ರಾಂ ಆಹಾರ ಬೇಕು. ಆರಕ್ಕೆ 150ರ ಲೆಕ್ಕದಲ್ಲಿ 900 ಗ್ರಾಂ, ಹತ್ತು ದಿನಕ್ಕೆ 9 ಕಿಲೋ. ನಾವು ಮೊದಲು ನಾಲ್ಕು ಇಂಚಿನ ಪಿವಿಸಿ ಪೈಪು ನಿಲ್ಲಿಸಿ ಕೆಳಗೆ ಎಲ್ಬೋ ಹಾಕಿ ಮೇಲಿನಿಂದ ಕಾಳು ತುಂಬಿದೆವು. ತಿಂದಷ್ಟು ತಾನಾಗಿ ಇಳಿಯುತ್ತದೆ. ಖರ್ಚು ಏನೂ ಇಲ್ಲ, ಎಲ್ಲ ಅಂಗಡಿಯ ತುಂಡು ಮಾಲು. ಬೇಸಿಗೆಯಲ್ಲಿ ಚೆನ್ನಾಗಿ ನಡೆಯಿತು. ಜೂನ್ ತಿಂಗಳಿಗೆ ನಿಂತಿತು. ಬಾತು ಒಂದು ಬಾಯಿ ಕಾಳು ತಿಂದು ಒಂದು ಬಾಯಿ ನೀರು ಕುಡಿಯುವ ಪ್ರಾಣಿ. ಒದ್ದೆ ಕೊಕ್ಕನ್ನೇ ಎಲ್ಬೋ ಒಳಗೆ ತೂರಿಸಿ ಕಾಳೆಲ್ಲ ಗಾರೆಯಂತೆ ಮಾಡಿದವು. ಅದರ ಮೇಲೆ ನಮ್ಮ ಮಳೆ, ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಸುರಿಯುವ ನಾಡು. ನಾಲ್ಕನೆಯ ದಿನ ಪೈಪು ಬಿಚ್ಚಿದರೆ ಒಳಗೆ ಹಸಿರು ಬೂಷ್ಟು.

ಇದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಶೇಂಗಾ, ಮೆಕ್ಕೆಜೋಳದ ವ್ಯಾಪಾರದ ಬಂಧುಗಳಿಗೆ ಅಫ್ಲಟಾಕ್ಸಿನ್ ಎಂಬ ಹೆಸರು ಗೊತ್ತಿರುತ್ತದೆ, ರಫ್ತಿನ ಮಾಲು ಇದರಿಂದಲೇ ತಿರುಗಿ ಬರುವುದು. ಈ ವಿಷ ಪತ್ತೆಯಾದದ್ದೇ ಪಕ್ಷಿಗಳ ಸಾವಿನಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು, ಬಾತಿನ ಮರಿಗಳೂ ಸತ್ತವು. ಹುಡುಕಿದರೆ ಬ್ರೆಜಿಲ್ ದೇಶದಿಂದ ಬಂದ ಶೇಂಗಾ ಹಿಂಡಿಯಲ್ಲಿ ಬೂಷ್ಟಿನ ವಿಷ. ಸಾಕುಪಕ್ಷಿಗಳಲ್ಲಿ ಈ ವಿಷ ಎಲ್ಲಕ್ಕಿಂತ ಬೇಗ ತಗಲುವುದು ಬಾತಿಗೆ. ಆದ್ದರಿಂದ ಹತ್ತು ದಿನದ ಕಾಳು ಒಟ್ಟಿಗೆ ತುಂಬಿ ನಿಶ್ಚಿಂತರಾಗಿ ಹೋಗುವುದು ಗೋವೆಯಲ್ಲಿ, ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜೂನ್‌ನಿಂದ ಸಪ್ಟೆಂಬರ್ ತನಕ ಆಗದ ಮಾತು. ವಿಜಯಪುರದ ಒಣ ಹವೆಯಲ್ಲಿ ನಡೆದೀತು. ನಾವು ಆ ಮೇಲೆ ತಂದದ್ದು ಗಡಿಯಾರವುಳ್ಳ ಡಬ್ಬಿ. ಮುಚ್ಚಳ ಬಿಗಿ, ಬಾತಿನ ಕೊಕ್ಕು ಮುಟ್ಟದ ಎತ್ತರಕ್ಕೆ ತೂಗುಹಾಕಬಹುದು. ಗೊತ್ತು ಮಾಡಿದ ಹೊತ್ತಿಗೆ ಗೊತ್ತು ಮಾಡಿದಷ್ಟು ಕಾಳು ಕೆಳಗಿನ ತಟ್ಟೆಗೆ ಸುರಿಯುತ್ತದೆ. ಮಳೆಗಾಲದಲ್ಲಿ ಮೂರು ದಿನಕ್ಕಿಂತ ಹೆಚ್ಚು ಅದರಲ್ಲಿಯೂ ತುಂಬುವುದಿಲ್ಲ.

ತಟ್ಟೆ ಗೂಡಿನ ಒಳಗೇ ಇರಲಿ. ಹೊರಗೆ ಚೆಲ್ಲಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಕಾಡುಪಕ್ಷಿಗಳೂ ಇಳಿಯುತ್ತವೆ. ಕೇರಳದ ಕುಟ್ಟನಾಡಿನಲ್ಲಿ 2014ರಲ್ಲಿ, ಮತ್ತೆ 2021ರ ಜನವರಿಯಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಬಾತುಗಳನ್ನು ಸರ್ಕಾರವೇ ಕೊಲ್ಲಿಸಬೇಕಾಯಿತು. ನಾವು ಉಳಿಸಲೆಂದು ತಂದ ಜೀವಕ್ಕೆ ಅಂಥ ಗತಿ ಬರಬಾರದು.

ಗೂಡಿನ ಮಾತು ಬೇಗ ಮುಗಿಸುತ್ತೇವೆ. ಒಂದು ಬಾತಿಗೆ 3 ಚದರ ಅಡಿ ನೆಲ ಸಾಕು, ನಮ್ಮದು ಆರಡಿಗೆ ನಾಲ್ಕಡಿ. ಕೋಳಿ ಜಾಳಿ ಎಂದು ಮಾರುವ ತೆಳು ಹೆಣಿಗೆಯ ಜಾಳಿ ಕೋಳಿಯನ್ನು ಒಳಗೆ ತಡೆಯುತ್ತದೆ, ನಾಯಿಯನ್ನು ಹೊರಗೆ ತಡೆಯುವುದಿಲ್ಲ. ನಮ್ಮ ಅಂಗಡಿಯಲ್ಲಿಯೂ ಅದನ್ನು ಮಾರುತ್ತೇವೆ, ಆದರೂ ಹೇಳುತ್ತೇವೆ: ವೆಲ್ಡ್ ಮಾಡಿದ ಅರ್ಧ ಇಂಚಿನ ಜಾಳಿಯನ್ನೇ ಹಾಕಿ, ನೆಲದೊಳಗೆ ಒಂದು ಅಡಿ ಹೂಳಿ. ಬಾತುಗಳು ಒಂದರ ಹಿಂದೆ ಒಂದು ಬರುವುದಿಲ್ಲ, ಗುಂಪಾಗಿ ನುಗ್ಗುತ್ತವೆ, ಬಾಗಿಲು ಹದಿನೈದು ಇಂಚು ಅಗಲ ಇರಲಿ. ಬೆಳಿಗ್ಗೆ ಎಂಟಕ್ಕೆ ಮುಂಚೆ ತೆರೆಯಬೇಡಿ. ಮೊಟ್ಟೆ ಇಡುವುದು ಬಹುತೇಕ ಬೆಳಗಿನ ಜಾವ. ಬೇಗ ಬಿಟ್ಟರೆ ಹಿತ್ತಲೆಲ್ಲ ಮೊಟ್ಟೆ, ಅದರ ವಾಸನೆಗೆ ಉಡ, ಮುಂಗುಸಿ.

ಬಾಗಿಲು ಮುಚ್ಚುವ ಯಂತ್ರಗಳು ಎರಡು ತರಹ, ಬೆಳಕು ನೋಡಿ ಮುಚ್ಚುವವು ಮತ್ತು ಗಡಿಯಾರ ನೋಡಿ ಮುಚ್ಚುವವು. ಬೆಳಕಿನದು ಬಯಲುಸೀಮೆಗೆ ಒಳ್ಳೆಯದು. ನಮ್ಮಲ್ಲಿ ಜುಲೈ ತಿಂಗಳ ಮೋಡ ಕವಿದರೆ ನಾಲ್ಕೂವರೆಗೇ ದೀಪ ಹಚ್ಚುವಷ್ಟು ಕತ್ತಲು, ಬಾಗಿಲು ಆಗಲೇ ಇಳಿದುಬಿಟ್ಟರೆ ಬಾತುಗಳೆಲ್ಲ ಹೊರಗೆ. ಆದ್ದರಿಂದ ಗಡಿಯಾರದ್ದನ್ನು ಆರಿಸಿದೆವು. ಅದಕ್ಕೂ ದೋಷ ಇದೆ. ಕರೆಂಟಿನ ಮೇಲೆ ತಿರುಗುವ ಅಗ್ಗದ ಟೈಮರ್ ಕರೆಂಟು ಹೋದಷ್ಟು ಹೊತ್ತು ನಿಂತು, ಬಂದ ಮೇಲೆ ನಿಂತಲ್ಲಿಂದಲೇ ನಡೆಯುತ್ತದೆ. ಒಂದು ಗಾಳಿಮಳೆಯ ವಾರದಲ್ಲಿ ನಮ್ಮದು ಎರಡು ತಾಸು ಹಿಂದೆ ಬಿದ್ದಿತ್ತು. ಬ್ಯಾಟರಿಯ ಗಡಿಯಾರವನ್ನೇ ಕೊಳ್ಳಿ. ಇನ್ನೊಂದು, ಸೂರ್ಯಾಸ್ತ. ಫೋಂಡಾದಲ್ಲಿ ಜುಲೈ ಮೊದಲ ವಾರ 7 ದಾಟಿದ ಮೇಲೆ ಹೊತ್ತು ಮುಳುಗುತ್ತದೆ, ನವೆಂಬರ್ ಮೂರನೆಯ ವಾರ 6ಕ್ಕೇ. ಒಂದು ತಾಸಿಗೂ ಮೇಲೆ ವ್ಯತ್ಯಾಸ. ಊಟದ ಹೊತ್ತಿಗಾಗಿ ಪಂಚಾಂಗ ನೋಡುವುದು ನಮ್ಮ ಮನೆಗಳಲ್ಲಿ ಇದ್ದೇ ಇದೆ. ಹದಿನೈದು ದಿನಕ್ಕೊಮ್ಮೆ ಆಗಲೇ ಬಾಗಿಲಿನ ಗಡಿಯಾರವನ್ನೂ ತಿದ್ದಬಹುದು.

ಇಷ್ಟೆಲ್ಲ ಸರಿಮಾಡಿಕೊಂಡು ಹೋದ ವರ್ಷ ನವೆಂಬರ್‌ನಲ್ಲಿ ಮನೆಮಂದಿಯೆಲ್ಲ ಶ್ರವಣಬೆಳಗೊಳ, ಧರ್ಮಸ್ಥಳ, ಮೂಡಬಿದಿರೆ, ಕಾರ್ಕಳ ಎಂದು ಹತ್ತು ದಿನದ ಯಾತ್ರೆಗೆ ಹೊರಟೆವು. ಕಾಳು 5-45ಕ್ಕೆ ಬೀಳಬೇಕು, ಬಾಗಿಲು 6-20ಕ್ಕೆ ಇಳಿಯಬೇಕು. ಕಾಳಿನ ಸಪ್ಪಳಕ್ಕೆ ಬಾತುಗಳೆಲ್ಲ ಒಳಗೆ ಓಡುವುದನ್ನು ಎಂಟು ದಿನ ಕಣ್ಣಾರೆ ನೋಡಿದ್ದೆವು. ಪಕ್ಕದ ಮನೆಯ ಕಾಲೇಜು ಹುಡುಗನಿಗೆ, ದಿನಾ ಹೊರಗಿನ ತೊಟ್ಟಿಗೆ ನೀರು ತುಂಬು, ಸಂಜೆ ಬಾಗಿಲು ಮುಚ್ಚಿದೆಯೋ ನೋಡಿ ಫೋನ್ ಮಾಡು ಎಂದು ಹೇಳಿದ್ದೆವು. ಅವನು ಒಂದು ದಿನವೂ ತಪ್ಪಿಸಲಿಲ್ಲ. ಬಾಗಿಲು ಮುಚ್ಚಿದೆ, ಬಾಗಿಲು ಮುಚ್ಚಿದೆ ಎಂದು ಐದು ದಿನ ವರದಿ ಬಂತು. ಆರನೆಯ ದಿನ ನಾವು ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಅಂಗಳದಲ್ಲಿದ್ದಾಗಲೂ ಬಾಗಿಲು ಮುಚ್ಚಿದೆ ಎಂದೇ ಹೇಳಿದ. ಮುಚ್ಚಿತ್ತು, ಸುಳ್ಳಲ್ಲ.

ಆರು ಬಾತುಗಳಲ್ಲಿ ಒಂದಕ್ಕೆ ಕಾಲು ಕುಂಟು, ತಂದಾಗಿನಿಂದಲೇ. ಮೊಮ್ಮಗಳು ಅದನ್ನು 'ಆಯಿ' ಎಂದು ಕರೆಯುತ್ತಿದ್ದಳು, ಅವರಜ್ಜಿಯಂತೆ ನಿಧಾನ ನಡೆಯುತ್ತದೆ ಎಂದು. ಒಳಗೆ ಇದ್ದದ್ದು ಒಂದೇ ತಟ್ಟೆ. ಗಟ್ಟಿ ಬಾತುಗಳು ಸುತ್ತಲೂ ನಿಂತರೆ ಕುಂಟಿಗೆ ಜಾಗವಿಲ್ಲ, ಅವು ತಿಂದು ಸರಿದ ಮೇಲೆ ಕೊನೆಗೆ ಅದರ ಪಾಳಿ. ಒಣ ಕಾಳು ನುಂಗಿದ ಬಾತಿಗೆ ನೀರು ಬೇಕೇ ಬೇಕು, ಇಲ್ಲದಿದ್ದರೆ ಗಂಟಲು ಕಟ್ಟುತ್ತದೆ. ಗೂಡಿನ ಹುಲ್ಲು ಒದ್ದೆಯಾಗಬಾರದೆಂದು ನಾವು ನೀರಿನ ತೊಟ್ಟಿಯನ್ನು ಹೊರಗೆ, ಇಪ್ಪತ್ತು ಹೆಜ್ಜೆ ದೂರ, ಪೇರಲ ಮರದ ಕೆಳಗೆ ಇಟ್ಟಿದ್ದೆವು. ಮನೆಯಲ್ಲಿದ್ದಾಗ ಮೊಮ್ಮಗಳೋ ನಮ್ಮ ಮನೆಯವರೋ ಅದನ್ನು ಕೊನೆಗೆ ಎತ್ತಿ ಒಳಗೆ ಬಿಡುತ್ತಿದ್ದರಂತೆ, ಇದು ನಮಗೆ ಗೊತ್ತೇ ಇರಲಿಲ್ಲ. ಆ ಸಂಜೆ ಅದು ಕಾಳು ತಿಂದು ನೀರಿಗೆ ಹೋಗಿದೆ. ಗಡಿಯಾರ ತನ್ನ ಹೊತ್ತಿಗೆ ಸರಿಯಾಗಿ ಬಾಗಿಲು ಇಳಿಸಿದೆ.

ಮರುದಿನ ಬೆಳಿಗ್ಗೆ ಹುಡುಗ ನೀರು ತುಂಬಲು ಬಂದಾಗ ಕಾಂಪೌಂಡಿನ ಮೋರಿಯ ಬಳಿ ಗರಿ ಕಂಡು ನಮಗೆ ಫೋನ್ ಮಾಡಿದ. ನರಿಯೋ ನಾಯಿಯೋ ತಿಳಿಯಲಿಲ್ಲ. ನಾವು ಊರಿಗೆ ಬಂದು ನೋಡಿದೆವು. ಬಾಗಿಲಿನ ಹೊರಗೆ, ಹಲಗೆಗೆ ತಾಗಿಕೊಂಡು, ಒಂದೇ ಕಡೆ ಹಿಕ್ಕೆ ಒಣಗಿ ಗುಡ್ಡೆಯಾಗಿ ಬಿದ್ದಿತ್ತು. ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದಿರಬೇಕು.

ಹುಡುಗನ ತಾಯಿ ಬಂದು, ತಮ್ಮ ಮಗನಿಂದ ತಪ್ಪಾಯಿತು ಎಂದರು. ಅವನದೇನು ತಪ್ಪು? ಬಾಗಿಲು ನೋಡು ಎಂದು ಹೇಳಿದವರು ನಾವು. ಎಣಿಸು ಎಂದು ಹೇಳಿರಲಿಲ್ಲ. ನಲವತ್ತು ವರ್ಷದಿಂದ ಗಲ್ಲಾವನ್ನು ಎರಡು ಸಲ ಎಣಿಸದೆ ಒಂದು ದಿನವೂ ಅಂಗಡಿಯ ಶಟರ್ ಎಳೆದವರಲ್ಲ ನಾವು. ನಮ್ಮ ಮನೆಯವರು ಬಯ್ಯಲಿಲ್ಲ. "ರೊಕ್ಕಾ ನೀವ ಎಣಸತೀರಿ, ಇದನ್ನ ಮಾತ್ರ ಗಡಿಯಾರಕ್ಕ ಬಿಟ್ರಿ" ಎಂದರು, ಅಷ್ಟೇ. ಮೊಮ್ಮಗಳು ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ. ಉಳಿಸುತ್ತೇವೆಂದು ಹಣ ಕೊಟ್ಟು ತಂದು, ನಮ್ಮ ಬಾಗಿಲಿನ ಹೊರಗೇ ಕಳೆದುಕೊಂಡೆವು. ಆ ವರ್ಷದ ಯಾತ್ರೆಯ ವಿಷಯ ಈ ಪುಟದಲ್ಲಿ ಬರೆಯುತ್ತೇವೆಂದು ಹೇಳಿ ಬರೆಯದೆ ಬಿಟ್ಟದ್ದು ಇದಕ್ಕೇ.

ಯಂತ್ರವನ್ನು ಕಿತ್ತು ಒಗೆಯೋಣವೆಂದು ಆಗ ಅನಿಸಿತ್ತು. ಒಗೆಯಲಿಲ್ಲ. ಅದು ಬರುವುದಕ್ಕೆ ಮುಂಚೆ, ಬಾಗಿಲು ಮುಚ್ಚಲು ಮರೆತು ರಾತ್ರಿ ಹತ್ತಕ್ಕೆ ಬ್ಯಾಟರಿ ಹಿಡಿದು ಹಿತ್ತಲಿಗೆ ಓಡಿದ ದಿನಗಳೂ ಕಡಿಮೆ ಇರಲಿಲ್ಲ. ವ್ಯವಸ್ಥೆಯನ್ನೇ ಬದಲಿಸಿದೆವು. ತಟ್ಟೆ ಎರಡು ಮಾಡಿ ಎದುರು ಬದುರು ಮೂಲೆಗೆ ಇಟ್ಟೆವು. ನೀರನ್ನು ಒಳಗೆ ತಂದೆವು. ಪಾತ್ರೆ ಐದಾರು ಇಂಚು ಆಳ ಇರಬೇಕು, ಮೂಗಿನ ಹೊಳ್ಳೆಯ ತನಕ ಕೊಕ್ಕು ಮುಳುಗಿಸಿ ತೊಳೆದುಕೊಳ್ಳದಿದ್ದರೆ ಬಾತಿಗೆ ಕಣ್ಣು ಮೂಗಿನ ರೋಗ ಬರುತ್ತದೆ. ಅದರ ಕೆಳಗೆ ಕಬ್ಬಿಣದ ಪಟ್ಟಿಗಳ ಜಾಲರಿ, ಜಾಲರಿಯ ಕೆಳಗೆ ಇಳಿಜಾರು ಮಾಡಿ ಹೊರಗೆ ಪೈಪು, ಚೆಲ್ಲಿದ ನೀರೆಲ್ಲ ಬಾಳೆಯ ಬುಡಕ್ಕೆ. ಹುಲ್ಲು ಒದ್ದೆಯಾಗುವುದಿಲ್ಲ. ರಾತ್ರಿ ನೀರು ಇಡಲು ಆಗದ ಗೂಡಾದರೆ ರಾತ್ರಿಗೆ ಕಾಳನ್ನೂ ಇಡಬಾರದು. ಕಾಳು ಬೀಳುವ ಹೊತ್ತನ್ನು ಸೂರ್ಯಾಸ್ತಕ್ಕೆ ಒಂದು ತಾಸು ಮುಂಚೆಗೆ ತಂದೆವು, ನಿಧಾನದವಕ್ಕೂ ತಿಂದು ಕುಡಿದು ಮಲಗಲು ಸಮಯ ಸಿಗಲಿ ಎಂದು. ಯಂತ್ರವನ್ನು ಕೈಯಿಂದ ಎತ್ತುವ ಹಿಡಿಕೆಯನ್ನು ಗೂಡಿನ ಹೊರಗೋಡೆಯ ಮೊಳೆಗೇ ತೂಗುಹಾಕಿದೆವು. ಮೊದಲು ಅದು ನಮ್ಮ ಅಂಗಡಿಯ ಡ್ರಾದಲ್ಲಿತ್ತು, ಹುಡುಗನಿಗೆ ತಿಳಿದಿದ್ದರೂ ಬಾಗಿಲು ತೆರೆಯಲಾಗುತ್ತಿರಲಿಲ್ಲ.

ನಿಪ್ಪಾಣಿಯ ತಾಯಿಯವರಿಗೆ ನಮ್ಮ ಮಾತು ಇಷ್ಟು. ಬಾಗಿಲಿನ ಯಂತ್ರಕ್ಕೆ ಈಗಲೇ ಹಣ ಹಾಕಬೇಡಿ. ಮೊದಲು ಎರಡು ತಟ್ಟೆ, ಒಂದು ನೀರಿನ ಪಾತ್ರೆ ಒಳಗಿಟ್ಟು, ದಿನಾ ಅದೇ ಹೊತ್ತಿಗೆ, ಅದೇ ಕೂಗು ಹಾಕಿ ಹದಿನೈದು ದಿನ ಒಳಗೇ ಕಾಳು ಕೊಡಿ. ಬಾತು ಹೊತ್ತು ಕಲಿಯುವುದರಲ್ಲಿ ಚುರುಕು. ನಾಲ್ಕೂ ತಾವಾಗಿ ಬಂದು, ಬಂದವು ಮತ್ತೆ ಹೊರಗೆ ಹೋಗದೆ ಒಳಗೇ ಉಳಿಯುತ್ತವೆ ಎಂದು ಖಾತ್ರಿಯಾದ ಮೇಲೆ ಬಾಗಿಲು ತನ್ನಿ. ಮನೆಯಲ್ಲಿ ವಯಸ್ಸಾದ್ದೋ ಕುಂಟೋ ಇದ್ದರೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ಹೊತ್ತು ಗೊತ್ತು ಮಾಡಿ, ಗಟ್ಟಿಯಾದವುಗಳನ್ನು ನೋಡಿ ಅಲ್ಲ. ಊರಿಗೆ ಹೋಗುವಾಗ ಪಕ್ಕದವರಿಗೆ ಏನು ಹೇಳಬೇಕೆಂದು ನಿಮಗೀಗ ಗೊತ್ತಾಗಿರಬೇಕು.

ಈ ವೈಶಾಖದಲ್ಲಿ ಬೆಳಗಾವಿಗೆ ನೆಂಟರ ಮದುವೆಗೆ ಹೋಗಿ ನಾಲ್ಕು ದಿನ ಇದ್ದೆವು. ಅದೇ ಹುಡುಗನೇ ನೋಡಿಕೊಂಡ. ದಿನಾ ಏಳು ಗಂಟೆಗೆ ಮದುವೆ ಮನೆಯ ಗದ್ದಲದಲ್ಲಿ ಫೋನ್ ಬರುತ್ತಿತ್ತು. ಬಾಗಿಲಿನ ಮಾತು ಅವನು ಈಗ ಎತ್ತುವುದಿಲ್ಲ. "ಪಾಂಚ್" ಎಂದಷ್ಟೇ ಹೇಳಿ ಇಡುತ್ತಾನೆ, ನಾವು ಅತ್ತ ನಿಂತಿರುವ ಮೊಮ್ಮಗಳಿಗೆ ಐದು ಬೆರಳು ತೋರಿಸುತ್ತೇವೆ.